ಒಂದನೇ ಗುಂಡಿಯ ಎರಡು ನಂಬರು

ಪಕ್ಕದ ಮನೆಯ ಸೊಸೆ ಟಿವಿ ರಿಮೋಟನ್ನು ಅಂಗೈಗೆ ಪಟಪಟ ಬಡಿಯುವುದು ಗೋಡೆಯಾಚೆಯಿಂದ ನನಗೆ ಕೇಳಿಸುತ್ತದೆ. ನಾಲ್ಕು ಬಡಿತ ಬಡಿದು, ಆಮೇಲೆ ಸೆಲ್ಲು ತೆಗೆದು ಹಲ್ಲಲ್ಲಿ ಕಚ್ಚುತ್ತಾಳೆ, ಕಟ್ಟೆಯ ಮೇಲೆ ಬಿಸಿಲಿಗಿಡುತ್ತಾಳೆ, ಮತ್ತೆ ಹಾಕಿ ಮತ್ತೆ ಬಡಿಯುತ್ತಾಳೆ. ನಮ್ಮ ಕಡೆ ಎಲ್ಲ ಮನೆಯಲ್ಲೂ ಇದೇ ವೈದ್ಯ. ಹೊಸದಾಗಿ ಬಂದಾಗ ಮಾತ್ರ ರಿಮೋಟಿಗೆ ಮದುಮಗಳ ಮರ್ಯಾದೆ. ಪ್ಲಾಸ್ಟಿಕ್ ಕವರು ತೊಡಿಸಿ, ರಬ್ಬರ್ ಬ್ಯಾಂಡು ಸುತ್ತಿ, ಟಿವಿಯ ತಲೆಯ ಮೇಲೆ ಕಸೂತಿ ಬಟ್ಟೆ ಹಾಸಿ ಮಲಗಿಸುತ್ತಾರೆ. ವರ್ಷ ತುಂಬುವುದರೊಳಗೆ ಬಡಿತ ಶುರು. ಮದುಮಗಳಿಗೂ ಅಷ್ಟೇ ಅನ್ನಿ.

ಒಂದು ದಿನ ತಡೆಯಲಾರದೆ ಇಲ್ಲಿಂದಲೇ ಕೂಗಿದೆ: "ಬಡೀಬೇಡ್ವೇ ಅದನ್ನ! ಅದು ಹೇಳ್ತಾನೇ ಇರ್ತದೆ, ಕೇಳೋ ಕಡೆ ಕಿವಿ ಕೆಟ್ಟಿರ್ತದೆ."

"ಅಜ್ಜಿಗೆ ಅರಳುಮರಳು" ಎಂದು ಅವಳು ಗಂಡನಿಗೆ ಹೇಳಿ ನಕ್ಕಳು. ನಗಲಿ. ರಿಮೋಟಿನ ವಿಷಯ ನನಗೆ ಗೊತ್ತಿರುವಷ್ಟು ಈ ಬೀದಿಯಲ್ಲಿ ಯಾರಿಗೂ ಗೊತ್ತಿಲ್ಲ. ಅದನ್ನು ನಾನು ಒಳ್ಳೆಯ ದಾರಿಯಲ್ಲಿ ಕಲಿತದ್ದಲ್ಲ, ಅಷ್ಟೇ.

ಅದಕ್ಕೆ ಮುಂಚೆ ಕೂಗುವ ವಿಷಯ ಸ್ವಲ್ಪ ಹೇಳಬೇಕು. ನನ್ನ ತವರು ಗೌರಿಬಿದನೂರಿನ ಕಡೆ. ನಮ್ಮಮ್ಮ ಬಾಗಿಲಲ್ಲಿ ನಿಂತು ಕೂಗಿದರೆ ಕೆರೆಯಾಚೆಯ ಕಬ್ಬಿನ ಗದ್ದೆಯೊಳಗಿದ್ದ ಮಕ್ಕಳೂ ತಲೆ ಎತ್ತುತ್ತಿದ್ದರು. ನಾವು ಆರು ಜನ. ಆರು ಜನರಿಗೂ ಆರು ಬೇರೆ ರಾಗ. ನನ್ನದು "ನಂಜೀ…" ಎಂದು ಎಳೆದು, ಕೊನೆಯಲ್ಲಿ ಚಾಟಿ ಬೀಸಿದ ಹಾಗೆ ಮೇಲಕ್ಕೆ ಹೋಗುತ್ತಿತ್ತು. ಕಬ್ಬು ಕದ್ದು ತಿನ್ನುತ್ತಿದ್ದರೆ ಆ ಚಾಟಿ ಬೆನ್ನಿಗೇ ಬಿದ್ದಂತೆ ಆಗುತ್ತಿತ್ತು. ಏನೇ ಆಗಲಿ, ಕೂಗುವವಳಿಗೆ ನನ್ನ ಹೆಸರು ಗೊತ್ತಿತ್ತು. ಮೂರನೇ ಕ್ಲಾಸಿಗೆ ಶಾಲೆ ಬಿಡಿಸಿದರು. ಅಷ್ಟರಲ್ಲಿ ಅಕ್ಷರ ಅರ್ಧಂಬರ್ಧ ಬಂದಿತ್ತು, ಅಂಕಿ ಮಾತ್ರ ಪೂರ್ತಿ ಬಂದಿತ್ತು.

ಮದುವೆಯಾಗಿ ಶಿಡ್ಲಘಟ್ಟ ತಾಲೂಕಿಗೆ, ದಿಬ್ಬೂರಹಳ್ಳಿ ಕಡೆಯ ಈ ಹುಳದ ಮನೆಗೆ ಬಂದೆ. ಹುಳದ ಮನೆ ಎಂದರೆ ರೇಷ್ಮೆ ಹುಳದ್ದು. ಇಲ್ಲಿ ನಮ್ಮ ಯಜಮಾನರು ಕರೆಯುತ್ತಿದ್ದ ರೀತಿ ಒಂದೇ. "ಯಾರಲ್ಲಿ?" ಎನ್ನುವುದು. ದೊಡ್ಡ ಅರಮನೆ ನೋಡಿ! ಅತ್ತೆ ಮಾವ ಹೋದ ಮೇಲೆ ಮನೆಯಲ್ಲಿ ಇದ್ದವಳು ನಾನೊಬ್ಬಳೇ. "ಯಾರೂ ಇಲ್ಲ" ಎಂದು ಹೇಳಿಬಿಡಬೇಕು ಎಂದು ಎಷ್ಟೋ ಸಲ ನಾಲಿಗೆಯ ತುದಿಗೆ ಬಂದಿದೆ. ಹೇಳಲಿಲ್ಲ, ಓಡಿದೆ. ಏಕೆಂದರೆ ಅವರು ಕರೆಯುತ್ತಿದ್ದುದು ಒಂದೇ ಸಲ. ಕೇಳಿಸದೆ ಹೋದರೆ ಎರಡನೆಯ ಕರೆ ಇಲ್ಲ. ಎದ್ದು ಟವೆಲು ಕೊಡವಿ ಹೊರಟುಬಿಡುತ್ತಿದ್ದರು. ಆಮೇಲೆ ಮೂರು ದಿನ ಮಾತಿಲ್ಲ.

"ಇನ್ನೊಂದ್ಸಲ ಕೂಗಿದ್ರೆ ಏನಾಗ್ತಿತ್ತು?" ಎಂದು ಹೊಸದರಲ್ಲಿ ಕೇಳಿದ್ದೆ.

"ಕೂಗ್ತಾ ಇರಕ್ಕೆ ನಾನೇನು ರೇಷ್ಮೆ ಗೂಡಿನ ಮಾರ್ಕೆಟ್ಟಲ್ಲಿ ಹರಾಜು ಹಾಕ್ತಿದೀನಾ?" ಎಂದರು.

ಒಮ್ಮೆ ಹುಳದ ಮನೆಗೆ ನಾಗರಹಾವು ಬಂತು. ನಾನು ಹಿಂದಿನ ಹೊಲದಲ್ಲಿ ಸೊಪ್ಪು ಕೊಯ್ಯುತ್ತಿದ್ದೆ. ಅವರು ಮಂಚದ ಮೇಲೆ ಹತ್ತಿ ಕಾಲು ಮಡಚಿಕೊಂಡು ಒಂದು ಸಲ "ಯಾರಲ್ಲಿ?" ಎಂದಿದ್ದಾರೆ. ನನಗೆ ಕೇಳಿಸಿಲ್ಲ. ಸೊಪ್ಪಿನ ಹೊರೆ ಹೊತ್ತು ಬಂದಾಗ ಹಾವು ಮಂಚದ ಕೆಳಗೆ, ಯಜಮಾನರು ಮಂಚದ ಮೇಲೆ. ಇಬ್ಬರೂ ಗರ ಬಡಿದ ಹಾಗೆ ಕೂತಿದ್ದರು. ಹಾವಿಗೂ ಅವರು ಎರಡನೇ ಸಲ ಕೂಗಲಿಲ್ಲ.

ಊರಿಗೆ ಕೇಬಲ್ ಬಂದಾಗ ಟಿವಿ ತಂದರು. ಟಿವಿಯ ಮೇಲೆ ಅವರಿಗೆ ಇದ್ದ ಪ್ರೀತಿ ನನಗೆ ಅರ್ಥವಾಗುತ್ತದೆ. ಒಂದು ಸಲ ಒತ್ತಿದರೆ ಏಳುತ್ತಿತ್ತು, ಒಂದು ಸಲ ಒತ್ತಿದರೆ ಬಾಯಿ ಮುಚ್ಚುತ್ತಿತ್ತು. ಅಂಥ ಹೆಂಡತಿ ಸಿಕ್ಕರೆ ಯಾರಿಗೆ ಬೇಡ? ರಿಮೋಟು ಅವರ ಬನಿಯನ್ನಿನ ಜೇಬಿನಿಂದ ಇಳಿಯುತ್ತಲೇ ಇರಲಿಲ್ಲ. ನಾನು ಅದನ್ನು ಮುಟ್ಟಿದ್ದು ಧೂಳು ಒರೆಸುವುದಕ್ಕೆ ಮಾತ್ರ.

ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾಗಿ ಒಂದೆರಡು ವರ್ಷವಾಗಿತ್ತು. ಆ ಮಳೆಗಾಲದಲ್ಲಿ ಸಿಡಿಲು ಬಡಿದು ಟಿವಿ ಸುಟ್ಟಿತು. ಮುಂದಿನ ತಿಂಗಳು ಯಜಮಾನರಿಗೆ ಲಕ್ವ ಹೊಡೆಯಿತು. ಚಿಕ್ಕಬಳ್ಳಾಪುರದ ಆಸ್ಪತ್ರೆಯಲ್ಲಿ ಇಪ್ಪತ್ತು ದಿನ ಇದ್ದು ಬಂದೆವು. ಬಲಗೈ, ಬಲಗಾಲು, ನಾಲಿಗೆ ಮೂರೂ ಹೋಗಿದ್ದವು. ಉಳಿದದ್ದು ಎಡಗೈ ಮತ್ತು ಸಿಟ್ಟು. ಮನೆಗೆ ಬಂದ ದಿನವೇ ಆ ಎಡಗೈ ದಿಂಬಿನ ಪಕ್ಕ ತಡಕಾಡಿ ತಡಕಾಡಿ ರಿಮೋಟು ಹಿಡಿದುಕೊಂಡಿತು. ಟಿವಿ ಇರಲಿಲ್ಲ, ಇದ್ದದ್ದು ಖಾಲಿ ಸ್ಟ್ಯಾಂಡು. ಅದರ ಕಡೆ ತಿರುಗಿಸಿ ಒತ್ತುತ್ತಿದ್ದರು. ಏನೂ ಆಗದಿದ್ದರೆ ನನ್ನ ಕಡೆ ತಿರುಗಿಸಿ ಒತ್ತುತ್ತಿದ್ದರು. ನಾನು ಕದಲದಿದ್ದರೆ ಕಣ್ಣು ಕೆಂಪಗಾಗುತ್ತಿತ್ತು.

ನಮ್ಮ ಮಗಳು ಮಂಜುಳ ಚಿಕ್ಕಬಳ್ಳಾಪುರದಲ್ಲಿ ಗಂಡನ ಮನೆಯಲ್ಲಿದ್ದಾಳೆ. ಡಿಪ್ಲೊಮಾ ಓದಿದವಳು, ಅಲ್ಲಿಯೇ ಒಂದು ಕಾಲೇಜಿನ ಲ್ಯಾಬಿನಲ್ಲಿ ಕೆಲಸ. ಚಿಕ್ಕಂದಿನಲ್ಲಿ ಮನೆಯ ಟಾರ್ಚು, ರೇಡಿಯೋ ಎಲ್ಲ ಬಿಚ್ಚಿ ಹಾಕಿ ನನ್ನಿಂದ ಪೆಟ್ಟು ತಿಂದವಳು. ಭಾನುವಾರ ಬಂದಾಗ ಅಪ್ಪ ನನ್ನ ಮೇಲೆ ರಿಮೋಟು ಒತ್ತುವುದನ್ನು ನೋಡಿ ಮೊದಲು ನಕ್ಕಳು. ಆಮೇಲೆ ನಗು ನಿಲ್ಲಿಸಿದಳು.

"ಅಮ್ಮ, ಅಪ್ಪ ಒತ್ತೋದನ್ನ ಓದಬೋದು, ಗೊತ್ತಾ?"

"ಓದಾದಾ? ಅದೇನು ಕಾಗದಾನಾ?"

"ಕಾಗದದಂಗೇನೇ. ಇದರ ಮೂತೀಲಿ ಒಂದು ದೀಪ ಐತೆ. ಒತ್ತಿದಾಗ ಮಿಣಮಿಣ ಅಂತದೆ. ನಮ್ಮ ಕಣ್ಣಿಗೆ ಕಾಣಲ್ಲ ಅಷ್ಟೇ."

"ಕಾಣದೇ ಇರೋ ದೀಪ ಯಾತಕ್ಕೇ?"

ಅವಳು ತನ್ನ ಮೊಬೈಲಿನ ಕ್ಯಾಮರಾ ತೆರೆದು ರಿಮೋಟಿನ ಮುಂದೆ ಹಿಡಿದಳು. ಅಪ್ಪನ ಬೆರಳು ಹಿಡಿದು ಒತ್ತಿಸಿದಳು. ಮೊಬೈಲಿನ ಗಾಜಿನಲ್ಲಿ ನೇರಳೆ ಬಣ್ಣದ ಕಿಡಿಯೊಂದು ಪಟಪಟ ಹಾರಿತು. ಮೊಬೈಲು ತೆಗೆದು ಬರಿಗಣ್ಣಲ್ಲಿ ನೋಡಿದೆ, ಏನೂ ಇಲ್ಲ. ಮತ್ತೆ ಮೊಬೈಲಲ್ಲಿ ನೋಡಿದೆ, ಕಿಡಿ ಇದೆ. ಒಂದು ತಿಂಗಳಿಂದ ಈ ಮನುಷ್ಯ ನನ್ನ ಮುಖಕ್ಕೆ ಹೀಗೆ ಬೆಳಕು ಬಿಡುತ್ತಿದ್ದರೇ?

ಮುಂದಿನ ಭಾನುವಾರ ಅವಳು ಕೈಯಗಲದ ನೀಲಿ ಬೋರ್ಡೊಂದನ್ನು ತಂದಳು. ಅದರ ಮೇಲೆ ಜರಿಹುಳದಂತೆ ಕಾಲು ಕಾಲಿನ ಕಪ್ಪು ಚಿಪ್ಪು. ಪಕ್ಕದಲ್ಲಿ ಮೂರು ಕಾಲಿನ ಒಂದು ಕಪ್ಪು ಮಣಿ. ಅದು ಕಣ್ಣಂತೆ, ರಿಮೋಟಿನ ಬೆಳಕು ಅದಕ್ಕೆ ಕಾಣುತ್ತದಂತೆ. ಅಂಕಿ ತೋರಿಸಲು ಬೆರಳುದ್ದದ ಗಾಜಿನ ಪಟ್ಟಿ. ಕರೆಂಟು ಹೋದರೂ ನಡೆಯಲಿ ಎಂದು ಹಳೆಯ ಮೊಪೆಡ್ಡಿನ ಬ್ಯಾಟರಿ. ಕೊನೆಗೆ ಹಕ್ಕಿಯ ಹಾಗೆ ಕಿಚಕಿಚ ಎನ್ನುವ ಕಾಲಿಂಗ್ ಬೆಲ್ಲು. ಕಾಲೇಜಿನಲ್ಲಿಯೇ ಕೂತು ರಿಮೋಟಿನ ಒಂದನೇ ಗುಂಡಿ ಒತ್ತಿ ನೋಡಿ, ಅದು ಯಾವ ನಂಬರು ಕಳಿಸುತ್ತದೆ ಎಂದು ಓದಿ, ಆ ನಂಬರು ಬಂದರೆ ಬೆಲ್ಲು ಹೊಡೆ ಎಂದು ಚಿಪ್ಪಿಗೆ ಹೇಳಿಕೊಟ್ಟು ತಂದಿದ್ದಳು. ಅದಕ್ಕೆಂದೇ ಒಂದು ವಾರ ರಿಮೋಟು ಒಯ್ದಿದ್ದಳು. ಆ ವಾರ ಯಜಮಾನರು ನನ್ನ ಸೆರಗು ಹಿಡಿದು ಜಗ್ಗುತ್ತಿದ್ದರು.

ಗುಂಡಿ ಒತ್ತಿದಳು. ಪಟ್ಟಿಯಲ್ಲಿ 1 ಎಂದು ಬಂತು. ಹಕ್ಕಿ ಕೂಗಿತು.

"ಒಂದು ಒತ್ತಿದ್ರೆ ಒಂದು ಅನ್ನಕ್ಕೆ ಇಷ್ಟು ವೈರು ಬೇಕಾಯ್ತಾ?" ಎಂದೆ.

"ಅಪ್ಪಂಗೆ ಹೊರಗೆ ಹೋಗೋ ಹಂಗಾದಾಗ, ನೀರು ಬೇಕಾದಾಗ, ಏನೇ ಆದ್ರೂ ಇದೊಂದು ಒತ್ತಿದ್ರೆ ಸಾಕು. ನೀನು ಹೊಲದಲ್ಲಿದ್ರೂ ಕೇಳಿಸ್ತದೆ." ಅಪ್ಪನ ಕಡೆ ತಿರುಗಿ, "ಅಪ್ಪಾ, ಇದೊಂದೇ ಗುಂಡಿ. ಗೊತ್ತಾಯ್ತಾ?" ಎಂದು ಅವರ ಹೆಬ್ಬೆರಳನ್ನು ಅದರ ಮೇಲಿಟ್ಟು ಟಕಟಕ ನಾಲ್ಕು ಸಲ ಒತ್ತಿಸಿದಳು. ಹಕ್ಕಿ ಕೂಗಿತು, ಕೂಗಿತು. ಯಜಮಾನರ ಅರ್ಧ ಮುಖ ನಕ್ಕಿತು. ಬಾಯಿ ಹೋದವರಿಗೆ ಮತ್ತೆ "ಯಾರಲ್ಲಿ?" ಸಿಕ್ಕಿತಲ್ಲ.

ನನ್ನ ದಡ್ಡತನವನ್ನೂ ಹೇಳಿಬಿಡುತ್ತೇನೆ. ಶುಕ್ರವಾರ ಒಲೆ, ಈಳಿಗೆಮಣೆ, ಸೊಪ್ಪಿನ ಕುಡುಗೋಲು ಎಲ್ಲಕ್ಕೂ ಅರಿಶಿನ ಕುಂಕುಮ ಇಡುವುದು ನನ್ನ ರೂಢಿ. ಹೊಸದಾಗಿ ಬಂದ ಬೋರ್ಡನ್ನು ಬಿಡಲಾಗುತ್ತದೆಯೇ? ಹಣೆ ಎಲ್ಲಿ ಎಂದು ಹುಡುಕಿದೆ, ಸಿಗಲಿಲ್ಲ. ಆ ಕಪ್ಪು ಮಣಿಗೇ ಬೊಟ್ಟಿಟ್ಟೆ. ದಿನವಿಡೀ ಬೆಲ್ಲು ಸದ್ದಿಲ್ಲ. ಸಂಜೆ ಫೋನು ಮಾಡಿದೆ.

"ಅಮ್ಮಾ, ಕಣ್ಣಿಗೆ ಯಾರಾದ್ರೂ ಕುಂಕುಮ ಮೆತ್ತುತಾರಾ?" ಎಂದು ಮಂಜುಳ ಕಿರುಚಿದಳು. ಒದ್ದೆ ಬಟ್ಟೆಯಲ್ಲಿ ಒರೆಸಿದ ಮೇಲೆ ಹಕ್ಕಿ ಕೂಗಿತು. ಅಂದಿನಿಂದ ಬೆಲ್ಲು ಏನೇ ತಪ್ಪಿದರೂ ಅವಳ ಮೊದಲ ಪ್ರಶ್ನೆ "ಕುಂಕುಮ ಇಟ್ಟೆಯಾ?" ಎಂಬುದೇ. ಅದಕ್ಕೇ ಎಷ್ಟೋ ದಿನ ನಾನು ಫೋನು ಮಾಡಲೇ ಇಲ್ಲ.

ಮಾಡಬೇಕಿತ್ತು.

ಆ ಬೆಳೆಗೆ ನೂರು ಮೊಟ್ಟೆ ಹುಳ, ಎಂದರೆ ನೂರು ಚಿಟ್ಟೆ ಇಟ್ಟಷ್ಟು ಮೊಟ್ಟೆಯ ಹುಳ, ಸಾಕಿದ್ದೆ. ರೇಷ್ಮೆ ಹುಳ ನಾಲ್ಕು ಸಲ ಮೇವು ಬಿಟ್ಟು ಮಲಗಿ ಪೊರೆ ಕಳಚುತ್ತದೆ, ನಾವು ಅದಕ್ಕೆ ಜ್ವರ ಎನ್ನುತ್ತೇವೆ. ಮೂರನೇ ಜ್ವರದಿಂದ ಎದ್ದ ಹುಳಕ್ಕೆ ಹಸಿವು ವಿಪರೀತ. ಸೊಪ್ಪು ಕೊಯ್ದು ಹಾಕಿ, ಮತ್ತೆ ಕೊಯ್ದು ಹಾಕಿ ನನ್ನ ಸೊಂಟ ಬಿದ್ದುಹೋಗಿತ್ತು. ಅದೇ ಹೊತ್ತಿಗೆ ಯಜಮಾನರು ಹಾಸಿಗೆ ಒದ್ದೆ ಮಾಡಿಕೊಳ್ಳಲು ಶುರು ಮಾಡಿದರು. ಮೊದಲು ಎರಡು ದಿನಕ್ಕೊಮ್ಮೆ, ಆಮೇಲೆ ದಿನಾ, ಆಮೇಲೆ ದಿನಕ್ಕೆ ಎರಡು ಮೂರು ಸಲ. ಬೆಲ್ಲು ಕೇಳಿಸುತ್ತಲೇ ಇರಲಿಲ್ಲ. ಹೊಲದಿಂದ ಬಂದು ನೋಡಿದರೆ ಹಾಸಿಗೆ ತೊಪ್ಪೆ, ಉಚ್ಚೆ ಹಿಡಿಯುವ ಬಾಟಲು ಮಂಚದ ಕೆಳಗೆ ಖಾಲಿ.

"ಗುಂಡಿ ಒತ್ತಕ್ಕೇನು ಬಂದಿತ್ತು?" ಎಂದು ಕೇಳಿದರೆ ರಿಮೋಟು ಎತ್ತಿ ತೋರಿಸುತ್ತಿದ್ದರು. ಗಾಜಿನ ಪಟ್ಟಿ ನೋಡುತ್ತಿದ್ದೆ. ಕೊನೆಯಲ್ಲಿ ಒತ್ತಿದ ನಂಬರು ಅದರಲ್ಲಿ ಹಾಗೇ ನಿಂತಿರುತ್ತದೆ. 1 ಇರಬೇಕಾದ ಕಡೆ 2049 ಎಂದು ಇರುತ್ತಿತ್ತು. ಅಂಕಿ ನನಗೆ ತಪ್ಪುವುದಿಲ್ಲ. ಎರಡು ಸಾವಿರದ ನಲವತ್ತೊಂಬತ್ತು. ಆಮೇಲೆ ಅವರು ನನ್ನ ಎದುರಿಗೆ ಒಂದು ಸಲ ಒತ್ತಿ ತೋರಿಸಿದರೆ ಮಾತ್ರ ಹಕ್ಕಿ ಕೂಗುತ್ತಿತ್ತು.

ಕೊನೆಗೆ ಮಗಳಿಗೆ ಫೋನು ಮಾಡಿದೆ.

"ಕುಂಕುಮ ಇಟ್ಟೆಯಾ?"

"ಇಲ್ಲ ಕಣೇ. ಎರಡು ಸಾವಿರದ ನಲವತ್ತೊಂಬತ್ತು ಅಂತ ಬರ್ತದೆ."

"ಬೇರೆ ಯಾವ್ದೋ ಗುಂಡಿ ಒತ್ತಿರ್ತಾರಮ್ಮ. ಒಂದಕ್ಕೆ ಅಷ್ಟು ದೊಡ್ಡ ನಂಬರು ಬರಲ್ಲ. ನಂಗಿಲ್ಲಿ ಪರೀಕ್ಷೆ ಡ್ಯೂಟಿ. ಮುಗಿಸ್ಕಂಡು ಬರ್ತೀನಿ, ಅಲ್ಲಿಗಂಟ ಅಪ್ಪಂಗೆ ಹೇಳು, ಒಂದೇ ಒತ್ಬೇಕು ಅಂತ."

ಓದಿದ ಮಗಳೇ ಹೇಳಿದ ಮೇಲೆ ಇನ್ನೇನು? ಬೇಕೆಂದೇ ಬೇರೆ ಗುಂಡಿ ಒತ್ತುತ್ತಿದ್ದಾರೆ ಎಂದು ನನ್ನ ಮನಸ್ಸಿನಲ್ಲಿ ಗಟ್ಟಿಯಾಯಿತು. ಚಿಂತಾಮಣಿಗೆ ಕೊಟ್ಟ ನಾದಿನಿ ಅಣ್ಣನನ್ನು ನೋಡಿಕೊಂಡು ಹೋಗಲು ಬಂದು ನಾಲ್ಕು ದಿನ ಇದ್ದಳು. ಅಲ್ಲಿ ತೆಲುಗಿನವರ ನಡುವೆ ಇದ್ದು ಇದ್ದು ಅವಳು ನನ್ನನ್ನು ಅತ್ತಿಗೆ ಎನ್ನುವುದು ಬಿಟ್ಟು ವದಿನಾ ಎನ್ನುತ್ತಾಳೆ. ಅವಳೂ ಅದೇ ಹೇಳಿದಳು.

"ವದಿನಾ, ಅಣ್ಣ ಚಿಕ್ಕೋನಾಗಿದ್ದಾಗ್ಲಿಂದ ಇಂಗೇ. ಊಟಕ್ಕೆ ಎಬ್ಬಿಸಲಿಲ್ಲ ಅಂತ ಮೂರು ಹೊತ್ತು ಉಪವಾಸ ಮಲ್ಗಿದ್ನಂತೆ. ಮೊಂಡಿವಾಡು. ನಿನ್ನ ಗೋಳು ಹುಯ್ಕಳಕ್ಕೇ ಮಾಡ್ತಾನೆ."

ಅವಳಿದ್ದ ಮೂರನೇ ದಿನ ಮಧ್ಯಾಹ್ನ ಹೊಲದಿಂದ ಬಂದೆ. ಬೆಳಗ್ಗೆಯಿಂದ ಅದು ಮೂರನೆಯ ಸಲ. ಬಿಸಿಲಿಗೆ ಹಾಕಿದ್ದ ಮೊದಲಿನ ಹಾಸಿಗೆಯೇ ಒಣಗಿರಲಿಲ್ಲ. ಹುಳದ ಕೋಣೆಗೂ ನಡುಮನೆಗೂ ಮಧ್ಯೆ ಇರುವುದು ಒಂದು ಬಾಗಿಲು, ಈ ವಾಸನೆಗೆ ಹುಳಕ್ಕೆ ಸಪ್ಪೆ ರೋಗ ಬಂದರೆ ಬೆಳೆಯೆಲ್ಲ ತಿಪ್ಪೆಗೆ. ಪಟ್ಟಿ ನೋಡಿದೆ. 2049.

ನಲವತ್ತೆರಡು ವರ್ಷದಲ್ಲಿ ಮೊದಲ ಸಲ ಯಜಮಾನರನ್ನು ನೀನು ಎಂದೆ.

"ನೀನು ಒಂದ್ಸಲ ಕೂಗಿದ್ದಕ್ಕೆಲ್ಲಾ ಓಡಿ ಬಂದಿದೀನಲ್ಲೋ ನಾನು. ಈಗ ಒಂದು ಗುಂಡಿ ಒತ್ತಕ್ಕೆ ನಿಂಗೆ ಮಾನ ಹೋಗ್ತದಾ? ಬೇಕಂತ ಮಾಡ್ತೀಯ. ಬೇಕಂತಾನೇ ಮಾಡ್ತೀಯ!"

ಅವರು ನನ್ನನ್ನೇ ನೋಡಿದರು. ನಿಧಾನವಾಗಿ ರಿಮೋಟು ಎತ್ತಿ, ಬೋರ್ಡಿನ ಕಡೆ ಹಿಡಿದು, ಹೆಬ್ಬೆರಳಲ್ಲಿ ಒಂದು ಸಲ ಒತ್ತಿದರು. ಹಕ್ಕಿ ಚೆನ್ನಾಗಿ ಕೂಗಿತು. ಪಟ್ಟಿಯಲ್ಲಿ 1.

"ನೋಡೇ, ನೋಡು!" ಎಂದು ನಾದಿನಿಗೆ ತೋರಿಸಿದೆ. "ಬೇಕು ಅಂದಾಗ ಹೆಂಗೆ ಬರ್ತದೆ!"

"ಅಯ್ಯೋ ದೇವುಡಾ" ಎಂದು ಅವಳು ತಲೆ ಮೇಲೆ ಕೈಯಿಟ್ಟುಕೊಂಡಳು.

ರಿಮೋಟು ಕಿತ್ತುಕೊಳ್ಳಲು ಹೋದೆ. ಕೊಡಲಿಲ್ಲ, ಎಡಗೈಯಲ್ಲಿ ಬಲ ಇತ್ತು. ಬೆರಳು ಒಂದೊಂದಾಗಿ ಬಿಡಿಸಿದೆ. ಅಟ್ಟದ ಮೇಲೆ ಬಿಸಾಕಿದೆ. ಪಕ್ಕದ ಮನೆಯವರನ್ನು ಕರೆದು ಮಂಚವನ್ನು ಎತ್ತಿಸಿ ದನದ ಕೊಟ್ಟಿಗೆಗೆ ಹಾಕಿಸಿದೆ. ಕೇಳಿದವರಿಗೆಲ್ಲ ಹುಳಕ್ಕೆ ವಾಸನೆ ಆಗುವುದಿಲ್ಲ ಎಂದೆ. ನಮ್ಮೂರಿನಲ್ಲಿ ಆ ಮಾತಿಗೆ ಎದುರಿಲ್ಲ. ಹುಳಕ್ಕಾಗಿ ಬಾಣಂತಿಯನ್ನೇ ಬೇರೆ ಮನೆಯಲ್ಲಿಡುವ ಊರು ಇದು. ಆದರೆ ನಿಜವೇನು ಎಂದು ನನಗೆ ಗೊತ್ತಿತ್ತು. ನಾನು ಅವರಿಗೆ ಶಿಕ್ಷೆ ಕೊಡುತ್ತಿದ್ದೆ. ಕೊಡುವಾಗ ಹಿತವಾಗಿತ್ತು. ಸುಳ್ಳು ಯಾಕೆ ಹೇಳಲಿ?

ಹನ್ನೊಂದು ದಿನ. ಬೆಳಗ್ಗೆ, ಮಧ್ಯಾಹ್ನ, ದೀಪ ಹಚ್ಚುವ ಹೊತ್ತು, ಹೀಗೆ ಮೂರು ಸಲ ಹೋಗಿ ಬಟ್ಟೆ ಬದಲಿಸಿ, ಊಟ ತಿನ್ನಿಸಿ ಬರುತ್ತಿದ್ದೆ. ನಡುವೆ ಒದ್ದೆಯಾದರೆ ಒದ್ದೆ. ಅವರು ಹಸುವಿನ ಬಾಲ ನೋಡಿಕೊಂಡು ಮಲಗಿರುತ್ತಿದ್ದರು. ಬಾಲ ಬೀಸಿದಾಗ ಅವರ ಮುಖದ ಮೇಲಿನ ನೊಣವೂ ಏಳುತ್ತಿತ್ತು. ಅಷ್ಟು ಉಪಕಾರ ಹಸುವೇ ಮಾಡಿತು.

ಮೇವು ಮುಗಿಸಿ ಹುಳ ಹಣ್ಣಾದವು. ಚಂದ್ರಿಕೆಗೆ, ಅಂದರೆ ಬಿದಿರಿನ ತಟ್ಟಿಗೆ, ಬಿಟ್ಟೆ, ಗೂಡು ಕಟ್ಟಿದವು. ಒಳ್ಳೆಯ ಬೆಳೆ. ಅದೇ ಭಾನುವಾರ ಮಂಜುಳ ಬಂದಳು. ನಡುಮನೆಯಲ್ಲಿ ಮಂಚ ಇಲ್ಲದ್ದನ್ನು ನೋಡಿ ಬ್ಯಾಗು ಕೆಳಗಿಡಲಿಲ್ಲ.

"ಅಪ್ಪ ಎಲ್ಲಿ?"

"ಕೊಟ್ಟಿಗೇಲಿ."

ಹೋಗಿ ನೋಡಿ ಬಂದಳು. ಬಾಗಿಲಲ್ಲಿ ನಿಂತು, "ಅಮ್ಮ, ನೀನು ಮನುಷ್ಯಳಾ?" ಎಂದಳು.

"ಅವ್ರು ಬೇಕಂತ ಮಾಡಿದ್ದು. ನಿನ್ನ ಮಿಷನ್ನೇ ಸಾಕ್ಷಿ. ಒತ್ತಿ ನೋಡ್ಕೋ."

ಅವಳು ಅಟ್ಟ ಹತ್ತಿ ರಿಮೋಟು ತಂದಳು. ಬೋರ್ಡಿಗೆ ಬ್ಯಾಟರಿ ಸಿಕ್ಕಿಸಿದಳು. ಟಕಟಕ ಒತ್ತಿದಳು, ಹಕ್ಕಿ ಕೂಗಿತು. ಮತ್ತೆ ಟಕಟಕ ಒತ್ತಿದಳು, ಕೂಗಿತು. "ಸರಿಯಾಗೇ ಐತಲ್ಲ…" ಎಂದು ಅವಳ ದನಿ ಇಳಿಯಿತು. ನನಗೆ ಗೆದ್ದ ಹಾಗಾಯಿತು. ಗೆದ್ದ ಖುಷಿಯಲ್ಲಿ ಸುಮ್ಮನಿರದೆ ಬಾಯಿ ಬಿಟ್ಟೆ:

"ನಿನ್ನಂಗೆ ನಿಮ್ಮಪ್ಪ ಟಕಟಕ ಒತ್ತಲ್ಲ ಕಣೇ. ಒಂದ್ಸಲ ಒತ್ತಿ ಇಟ್ಬಿಡ್ತಾರೆ. ಮಹಾರಾಜರು."

ಮಂಜುಳ ನನ್ನ ಮುಖ ನೋಡಿದಳು. ರಿಮೋಟನ್ನು ಒಂದು ಸಲ ಒತ್ತಿ, ಕೆಳಗಿಟ್ಟಳು. ಹಕ್ಕಿ ಕೂಗಿತು. ಸ್ವಲ್ಪ ಹೊತ್ತು ಬಿಟ್ಟು ಅದೇ ಗುಂಡಿಯನ್ನು ಇನ್ನೊಂದು ಸಲ ಒತ್ತಿ, ಕೆಳಗಿಟ್ಟಳು.

ಸದ್ದಿಲ್ಲ. ಪಟ್ಟಿಯಲ್ಲಿ 2049.

ಮತ್ತೆ ಒತ್ತಿದಳು. 1, ಹಕ್ಕಿ. ಮತ್ತೆ. 2049, ಸದ್ದಿಲ್ಲ. ಅವಳು ಗೋಡೆಗೆ ಒರಗಿ ಕೂತುಬಿಟ್ಟಳು.

"ಒಂದೇ ಗುಂಡಿಗೆ ಎರಡು ನಂಬರು ಅಮ್ಮ. ಒಂದ್ಸಲ ಇದು, ಇನ್ನೊಂದ್ಸಲ ಅದು. ನಾನು ಒಂದನ್ನೇ ಬರಕೊಂಡು ಬಂದಿದ್ದೆ. ಇಲ್ಲಿ ಒತ್ತಿ ನೋಡಿದಾಗ ಒಂದೊಂದು ತಪ್ತಿತ್ತು, ಸೆಲ್ಲು ವೀಕು ಅಂದ್ಕಂಡೆ."

"ಎರಡು ಯಾಕಂತೆ?"

"ಬೆರಳು ಹಂಗೇ ಒತ್ತಿ ಹಿಡ್ಕಂಡಿದಾರಾ, ಇಲ್ಲ ಬಿಟ್ಟು ಇನ್ನೊಂದ್ಸಲ ಒತ್ತಿದ್ರಾ ಅಂತ ಟಿವಿಗೆ ಗೊತ್ತಾಗಬೇಕಲ್ಲ. ಅದಕ್ಕೇ ಬದಲಾಯಿಸ್ತಾ ಹೋಗ್ತದೆ. ಟಿವಿಗೆ ಗೊತ್ತಿರ್ತದೆ. ನಂಗೆ ಗೊತ್ತಿರ್ಲಿಲ್ಲ."

ನನಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ತಿಳಿದ ಮೇಲೆ ಕುಡಿಯಲು ಹಿಡಿದಿದ್ದ ಕಾಫಿ ಲೋಟ ಕೆಳಗಿಟ್ಟೆ. ಹೊರಗೆ ಹೋಗುವ ಹಾಗಾದಾಗ ಅವರು ಒಂದು ಸಲ ಒತ್ತಿದ್ದಾರೆ, ಬೆಲ್ಲು ಮೂಕ. ಎಲ್ಲರ ಹಾಗೆ ಇನ್ನೊಂದು ಸಲ ಒತ್ತಿದ್ದರೆ ಕೂಗುತ್ತಿತ್ತು. ಅವರು ಒತ್ತುವವರಲ್ಲ. ಕಾದಿದ್ದಾರೆ. ಒದ್ದೆಯಾಗಿದೆ. ನಾನು ಬಂದು ಬೈದಾಗ, ಒತ್ತಿದ್ದೆ ಕಣೇ ಎಂದು ತೋರಿಸಲು ಒಂದು ಸಲ ಒತ್ತಿದ್ದಾರೆ. ಆಗ ಕೂಗಿದೆ. ಹಾಗೆ ತೋರಿಸಿದ್ದರಿಂದಲೇ ಮುಂದಿನದು ಮತ್ತೆ ಮೂಕ. ನಾನು ಬೈದಷ್ಟೂ ಅವರು ತೋರಿಸಿದರು, ತೋರಿಸಿದಷ್ಟೂ ಒದ್ದೆಯಾಯಿತು. ಬಾಯಿಲ್ಲದ ಮನುಷ್ಯ ನಿಜ ಹೇಳಿದಾಗಲೆಲ್ಲ ಅದು ಸುಳ್ಳಿನ ಹಾಗೆ ನನ್ನ ಕಿವಿಯ ಮುಂದೆ ಹಕ್ಕಿಯಂತೆ ಉಲಿದಿದೆ.

ಮದುವೆಯಾದಾಗಿನಿಂದ ಈ ಮನೆಯಲ್ಲಿ ತಪ್ಪು ಯಾವಾಗಲೂ ಅವರದು. ಅದೊಂದು ನನಗಿದ್ದ ಆಸ್ತಿ. ಯಾವ ಜಗಳದಲ್ಲೂ ಮನಸ್ಸಿನೊಳಗೆ ನಾನೇ ಸರಿ ಎಂದು ಮಲಗುತ್ತಿದ್ದೆ. ಅದನ್ನೂ ಕಳೆದುಕೊಂಡೆ.

"ನನ್ನಿಂದ ಆಯ್ತಮ್ಮ" ಎಂದು ಮಂಜುಳ ಅಳಲು ಶುರು ಮಾಡಿದಳು.

"ನಿನ್ನದು ವೈರಿನ ತಪ್ಪು. ಮಂಚ ಕೊಟ್ಟಿಗೆಗೆ ಹೋಗಿದ್ದು ವೈರಿನಿಂದ ಅಲ್ಲ. ಏಳು, ಒಂದು ಕೈ ಹಿಡಿ" ಎಂದೆ.

ಅವಳು ತನ್ನ ಕಂಪ್ಯೂಟರಿನಲ್ಲಿ ಎರಡು ಸಾಲು ಬರೆದಳು, ಆ ನಂಬರಿಗೂ ಬೆಲ್ಲು ಹೊಡೆ ಎಂದು. ಕಾಫಿ ಆರುವುದರೊಳಗೆ ಆಗಿಹೋಯಿತು. ಮಂಚ ನಡುಮನೆಗೆ ಬಂತು. ಬಿಸಿನೀರಲ್ಲಿ ಮೈ ಒರೆಸಿದೆವು. ಬೆನ್ನಿನಲ್ಲಿ ಹುಣ್ಣು ಎದ್ದಿತ್ತು. ಮಂಜುಳ ಅಪ್ಪನ ಕಾಲು ಹಿಡಿದುಕೊಂಡು ಎಲ್ಲ ಹೇಳಿದಳು, ನಂಬರು ಬದಲಾಗುವುದು, ತಾನು ನೋಡದೆ ಹೋದದ್ದು. ಅವರು ಎಡಗೈಯನ್ನು ಅವಳ ತಲೆಯ ಮೇಲಿಟ್ಟರು. ನನ್ನ ಕಡೆ ನೋಡಲಿಲ್ಲ.

ನಾನು ಏನಾದರೂ ಹೇಳಬೇಕಿತ್ತು. "ಮಿಷನ್ನಿನ ತಪ್ಪಂತೆ" ಎಂದೆ. ಅಷ್ಟೇ ಬಂತು.

ರಿಮೋಟನ್ನು ಅವರ ಕೈಗೆ ಕೊಟ್ಟೆ. ಅವರು ಅದನ್ನು ದಿಂಬಿನ ಪಕ್ಕ ಬೋರಲು ಹಾಕಿದರು. ಮತ್ತೆ ಕೊಟ್ಟೆ. ಮತ್ತೆ ಬೋರಲು ಹಾಕಿದರು. "ಒತ್ತಿ ನೋಡ್ರೀ, ಈಗ ಪ್ರತಿ ಸಲಾನೂ ಕೂಗ್ತದೆ" ಎಂದು ನಾನೇ ಒತ್ತಿದೆ. ಹಕ್ಕಿ ಕೂಗಿತು. ಇನ್ನೊಂದು ಸಲ ಒತ್ತಿದೆ, ಕೂಗಿತು. ಮಂಚದ ಪಕ್ಕದಲ್ಲಿಯೇ ನಿಂತುಕೊಂಡು "ಬಂದೆ" ಎಂದೆ. ಅವರು ಕಣ್ಣು ಮುಚ್ಚಿಕೊಂಡರು.

ಆಮೇಲೆ ಬದುಕಿದ್ದ ಐದು ತಿಂಗಳಲ್ಲಿ ಒಂದು ಸಲವೂ ಅವರು ಆ ಗುಂಡಿ ಮುಟ್ಟಲಿಲ್ಲ. ಮಂಜುಳ ಬಂದಾಗ ಅವಳ ಸಮಾಧಾನಕ್ಕೂ ಮುಟ್ಟಲಿಲ್ಲ. ಹಾಗಾದರೆ ನಾನೇನು ಮಾಡಬೇಕು? ಕರೆಯುವವರೆಗೆ ಕಾಯುವ ಹಾಗಿಲ್ಲ, ಕರೆಯುವುದಿಲ್ಲ. ಅದಕ್ಕೆ ಅವರು ಕರೆಯದಿದ್ದರೂ ಹೋಗತೊಡಗಿದೆ. ಹಸುವಿಗೆ ಒಂದು ಹೊರೆ ಹುಲ್ಲು ಕೊಯ್ದರೆ ಒಂದು ಸಲ. ಬೀದಿಯಲ್ಲಿ ಬಸ್ಸು ಹೋದರೆ ಒಂದು ಸಲ. ಬಾಟಲು ಹಿಡಿದು ಕೇಳುವುದು, ತಲೆ ಅಲ್ಲಾಡಿಸಿದರೆ ವಾಪಸು. ಮುಂದಿನ ಬೆಳೆ ಸಾಕಲಿಲ್ಲ. ಹುಣ್ಣಿಗೆ ಮುಲಾಮು ಹಚ್ಚುವಾಗ ಅವರು ಗೋಡೆ ನೋಡುತ್ತಿದ್ದರು, ನಾನು ಹುಣ್ಣು ನೋಡುತ್ತಿದ್ದೆ. ಒಂದು ಸಲವೂ ಹಾಸಿಗೆ ಒದ್ದೆಯಾಗಲಿಲ್ಲ.

ಹೋದರು. ಹನ್ನೊಂದನೇ ದಿನದ ಊಟಕ್ಕೆ ಊರೆಲ್ಲ ಬಂದಿತ್ತು. ಹೆಂಗಸರ ಪಂಕ್ತಿ ಒಳಗೆ, ಖಾಲಿಯಾದ ಹುಳದ ಕೋಣೆಯಲ್ಲಿ. ನನಗೂ ಎಲೆ ಹಾಕಿದ್ದರು. ನಾದಿನಿ ನನ್ನ ಪಕ್ಕ ಕೂತಿದ್ದಳು. ಎದುರಿಗೆ ಅವಳ ಸೊಸೆ. ಕೊಟ್ಟಿಗೆಯ ಸಂಗತಿ ನಾದಿನಿಗೆ ಗೊತ್ತಿತ್ತು, ಆದರೆ ಅವಳ ಮಟ್ಟಿಗೆ ಅದು ಹುಳಕ್ಕಾಗಿ ಮಾಡಿದ್ದು. ಎರಡು ನಂಬರಿನ ಸಂಗತಿ ಅವಳಿಗೆ ನಾನು ಹೇಳಿರಲಿಲ್ಲ, ಮಂಜುಳಳಿಗೂ ಹೇಳಲು ಬಿಟ್ಟಿರಲಿಲ್ಲ.

"ನೋಡಿ ಕಲ್ತ್ಕೋ" ಎಂದು ನಾದಿನಿ ಎಲ್ಲರಿಗೂ ಕೇಳುವ ಹಾಗೆ ಸೊಸೆಗೆ ಹೇಳಿದಳು. "ನಮ್ಮ ವದಿನ ಅಣ್ಣನ್ನ ಹೆಂಗೆ ನೋಡ್ಕಂಡ್ಳು ಅಂತ. ಆ ಬೆಲ್ಲು ಸುಮ್ನೆ ಗೋಡೇಲಿ ನೇತಾಡ್ತಿತ್ತು. ಅಣ್ಣ ಕರೆಯೋ ಪ್ರಸಂಗಾನೇ ಬರ್ಲಿಲ್ಲ, ಅದಕ್ಕೆ ಮುಂಚೇನೇ ಎದುರಿಗೆ ಇರ್ತಿದ್ಲು. ಪುಣ್ಯಾತ್ಮ, ಕೊನೇಲಿ ಒಂದ್ಸಲಾನೂ ಕರೀದೇ ಹೋದ."

"ಹೌದು ಕಣಮ್ಮ, ಹೌದು" ಎಂದು ಪಂಕ್ತಿಯ ಹೆಂಗಸರೆಲ್ಲ ತಲೆದೂಗಿದರು. ಒಬ್ಬಳು ಕಣ್ಣು ಒರೆಸಿಕೊಂಡಳು.

ಸಾರು ಬಡಿಸುತ್ತಿದ್ದ ಮಂಜುಳ ಸೌಟು ಹಿಡಿದುಕೊಂಡು ನಿಂತುಬಿಟ್ಟಳು. ನನ್ನನ್ನೇ ನೋಡುತ್ತಿದ್ದಳು. ಬಾಯಿ ತೆರೆಯುತ್ತಾಳೆ ಎನ್ನಿಸಿತು.

"ನಿಂತ್ಕೋಬೇಡ್ವೇ" ಎಂದೆ. "ಆರೋಗ್ತದೆ. ಎಲ್ಲಾರ್ಗೂ ಬಿಡು."

ಅವಳು ಮುಂದಿನ ಎಲೆಗೆ ಹೋದಳು. ನಾನು ವಡೆ ಮುರಿದು ಬಾಯಿಗೆ ಹಾಕಿಕೊಂಡೆ.